ಏಳು ಬೀದಿ ಕೂಡುವಲ್ಲಿ ಕಂಡ ಎಳೆಯ ಕಲಾವಿದರು

ಪರದೇಶವನ್ನು ಕಂಡು ಬಂದವರು ಅಲ್ಲಿಯ ಅರಮನೆ, ಸೇತುವೆ, ಗಡಿಯಾರದ ಗೋಪುರಗಳನ್ನು ಕುರಿತು ಬರೆಯುವುದು ರೂಢಿ. ಲಂಡನ್ ನಗರದಲ್ಲಿ ಆರು ವಾರ ಕಳೆದು ಬಂದ ನಾವೂ ಅವುಗಳನ್ನೆಲ್ಲ ನೋಡಿದೆವು, ಬೆರಗಾದೆವು. ಆದರೆ ಊರಿಗೆ ಮರಳಿ ಬಹುದಿನಗಳಾದ ಮೇಲೂ ನಮ್ಮ ಕಣ್ಣಮುಂದಿನಿಂದ ಸರಿಯದೆ ನಿಂತಿರುವುದು ಆ ಕಲ್ಲುಕಟ್ಟಡಗಳಲ್ಲ. ಒಂದು ಶನಿವಾರದ ಮಧ್ಯಾಹ್ನ ರಂಗದ ಮೇಲೆ ಕಂಡ ಒಂಬತ್ತು ಮಂದಿ ಮಕ್ಕಳು. ಅವರನ್ನು ನೋಡಲು ಹೋಗುವಾಗ ನಮ್ಮ ಮನಸ್ಸು ಪ್ರಸನ್ನವಾಗಿರಲಿಲ್ಲ. ಏಕೆಂಬುದನ್ನು ಮೊದಲು ಹೇಳಬೇಕು.

2024ರ ಜೂನ್ ತಿಂಗಳಲ್ಲಿ ನಾವು ದಂಪತಿಗಳು ಮಗಳ ಮನೆಗೆಂದು ಲಂಡನ್ನಿಗೆ ಹೋದೆವು. ಮಗಳು, ಅಳಿಯಂದಿರು, ಒಂಬತ್ತು ವರ್ಷದ ಮೊಮ್ಮಗಳು ನಗರದ ಪಶ್ಚಿಮಕ್ಕಿರುವ ಹೌನ್ಸ್ಲೋ ಭಾಗದಲ್ಲಿದ್ದಾರೆ. ಮೊಮ್ಮಗಳು ಭಾನುವಾರದ ಬೆಳಿಗ್ಗೆ ಮಕ್ಕಳಿಗೆ ಹಾಡು, ಕುಣಿತ, ಅಭಿನಯ ಕಲಿಸುವ ತರಗತಿಯೊಂದಕ್ಕೆ ಹೋಗುತ್ತಾಳೆ. ಅಲ್ಲಿಯ ಗುರುಗಳು, ‘ಈ ಮಗುವಿಗೆ ಒಳ್ಳೆಯ ಕಂಠವಿದೆ, ಅಂಜಿಕೆಯೂ ಇಲ್ಲ; ದೊಡ್ಡ ರಂಗಮಂದಿರಗಳಲ್ಲಿ ಮಕ್ಕಳ ಪಾತ್ರಗಳಿಗೆ ಆಯ್ಕೆ ನಡೆಯುವಾಗ ಕಳಿಸಿಕೊಡಿ’ ಎಂದು ಹೇಳಿದ್ದರಂತೆ. ಅಳಿಯಂದಿರಿಗೆ ಓದು ಕೆಟ್ಟೀತೆಂಬ ಚಿಂತೆ. ಮಗಳಿಗೆ ಇತ್ತ ಆಸೆ, ಅತ್ತ ಅಳುಕು. ನಾವು ಹೋದ ವಾರದಲ್ಲಿಯೇ ಅವಳು, “ಅಪ್ಪಾಜಿ, ನೀವು ಒಮ್ಮೆ ಇಲ್ಲಿ ಮಕ್ಕಳ ನಾಟಕ ನೋಡ್ರಿ. ನೀವು ಹ್ಞೂಂ ಅಂದ್ರ ಕಳಸ್ತೀನಿ, ಬ್ಯಾಡ ಅಂದ್ರ ಅಲ್ಲಿಗೇ ಬಿಡ್ತೀನಿ” ಎಂದಳು. ನಾಟಕ ನೋಡುವುದಕ್ಕೆ ನಾವು ಒಪ್ಪಿದೆವು. ಆದರೆ ಬೇಡವೆಂಬ ಮಾತು ಅದಾಗಲೇ ನಮ್ಮ ಬಾಯಿಯ ತುದಿಯಲ್ಲಿತ್ತು.

ಅದಕ್ಕೆ ಕಾರಣ ನಮ್ಮ ಸೋದರಮಾವ. ನಮ್ಮ ಅವ್ವನ ಒಬ್ಬನೇ ತಮ್ಮನಾದ ಅವರು 1944ರಲ್ಲಿ, ತಮ್ಮ ಎಂಟನೆಯ ವಯಸ್ಸಿನಲ್ಲಿ, ಊರ ಜಾತ್ರೆಗೆ ಬಂದು ಮೊಕ್ಕಾಂ ಮಾಡಿದ್ದ ನಾಟಕ ಕಂಪನಿಯೊಂದನ್ನು ಸೇರಿದರು. ಸೇರಿದರು ಎನ್ನುವುದಕ್ಕಿಂತ ಅವರನ್ನು ಸೇರಿಸಲಾಯಿತು ಎನ್ನುವುದೇ ಸರಿಯಾದೀತು. ಆ ವರ್ಷ ಮಳೆ ಕೈಕೊಟ್ಟಿತ್ತು. ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚಾಗಿದ್ದವು. ಹುಡುಗನ ಕಂಠ ಜೇನಿನಂತಿತ್ತು. ಅಜ್ಜ ಕಂಪನಿಯ ಮಾಲೀಕರಿಂದ ಮುಂಗಡ ಪಡೆದು ಮಗನ ಕೈ ಹಿಡಿದು ಒಪ್ಪಿಸಿ ಬಂದರು. ಮುಂದೆ ಆರು ವರ್ಷ ಮಾವ ಲೋಹಿತಾಶ್ವನಾದರು, ಧ್ರುವನಾದರು, ಪ್ರಹ್ಲಾದನಾದರು. ರಾತ್ರಿಯೆಲ್ಲ ನಾಟಕ, ಹಗಲು ಚಾಪೆಯ ಮೇಲೆ ನಿದ್ರೆ, ಎದ್ದರೆ ತಾಲೀಮು. ಹಾರ್ಮೋನಿಯಂ ಮಾಸ್ತರರು ಬಾಯಿಪಾಠ ಮಾಡಿಸಿದ ನೂರಾರು ಪದಗಳು ಅವರಿಗೆ ಬರುತ್ತಿದ್ದವು. ಆದರೆ ಅವುಗಳಲ್ಲಿ ಒಂದನ್ನೂ ಅವರು ಕಣ್ಣಿನಿಂದ ಓದಲಾರರಾಗಿದ್ದರು. ಹದಿನಾಲ್ಕನೆಯ ವಯಸ್ಸಿಗೆ ದನಿ ಒಡೆಯಿತು. ಬಾಲಪಾತ್ರಕ್ಕೆ ಬೇಡವಾದರು, ದೊಡ್ಡ ಪಾತ್ರಕ್ಕೆ ಸಾಲದಾದರು. ಒಂದು ಗಂಟು ಬಟ್ಟೆ ಹಿಡಿದುಕೊಂಡು ಊರಿಗೆ ಬಂದರು. ಉಳಿದ ಆಯುಷ್ಯವನ್ನು ಹೊಲದಲ್ಲಿ ಸವೆಸಿದರು.

ನಾವು ಐದನೆಯ ಇಯತ್ತೆಯಲ್ಲಿದ್ದಾಗ ಮಾವ ಒಂದು ಸಂಜೆ ಪಾಟಿ, ಬಳಪ ಕೈಯಲ್ಲಿ ಹಿಡಿದುಕೊಂಡು ಬಂದು ನಮ್ಮ ಹತ್ತಿರ ಕುಳಿತು, “ನನ್ನ ಹೆಸರು ಬರಿಯೂದು ಕಲಸಪಾ” ಎಂದು ಕೇಳಿದರು. ಪರೀಕ್ಷೆ ಮುಗಿಯಲಿ ಎಂದೆವು. ಪರೀಕ್ಷೆ ಮುಗಿಯಿತು, ಸುಗ್ಗಿ ಬಂತು, ಆ ಮಾತು ಮತ್ತೆ ಬರಲಿಲ್ಲ. ಮುಂದೆ ನಾವು ಗದಗ ಸೀಮೆಯ ಶಾಲೆಗಳಲ್ಲಿ ಮೂವತ್ತೈದು ವರ್ಷ ಕನ್ನಡ ಕಲಿಸಿದೆವು. ಊರವರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ಈ ಕೈ ಮಾವನಿಗೆ ಮೂರಕ್ಷರ ತಿದ್ದಿಸಲಿಲ್ಲ. 1991ರಲ್ಲಿ ತೀರಿಕೊಳ್ಳುವವರೆಗೂ ಅವರು ಕಾಗದಪತ್ರಗಳಿಗೆ ಹೆಬ್ಬೆಟ್ಟನ್ನೇ ಒತ್ತಿದರು. ಎಳೆಯ ಮಕ್ಕಳನ್ನು ಬಣ್ಣ ಹಚ್ಚಿ ರಂಗಕ್ಕೆ ಕಳಿಸುತ್ತಾರೆಂದು ಕೇಳಿದಾಗಲೆಲ್ಲ ನಮಗೆ ಆ ಹೆಬ್ಬೆಟ್ಟು ನೆನಪಾಗುತ್ತದೆ. ಇದರಿಂದ ಕಂಪನಿ ನಾಟಕಗಳನ್ನು ಹಳಿದಂತಾಗಬಾರದು. ಗುಬ್ಬಿ ವೀರಣ್ಣನವರು ಬಾಲ್ಯದಲ್ಲಿಯೇ ಕಂಪನಿ ಸೇರಿದವರು; ಏಣಗಿ ಬಾಳಪ್ಪನವರು ಎಳವೆಯಲ್ಲಿ ಸ್ತ್ರೀಪಾತ್ರ ಮಾಡುತ್ತ ಬೆಳೆದವರು. ರಂಗಭೂಮಿ ಅಂಥವರನ್ನು ಆಕಾಶದೆತ್ತರಕ್ಕೆ ಏರಿಸಿತು. ಆದರೆ ಏರಿದವರ ಹೆಸರು ಎಲ್ಲರಿಗೂ ಗೊತ್ತು. ದನಿ ಒಡೆದು ಮನೆಗೆ ಮರಳಿದವರ ಲೆಕ್ಕ ಯಾರಲ್ಲಿಯೂ ಇಲ್ಲ.

ಇಂಥ ಮನಸ್ಸು ಹೊತ್ತು ನಾವು ಆ ಶನಿವಾರ ಹೊರಟೆವು. ಹೌನ್ಸ್ಲೋದಿಂದ ಪಿಕಡಿಲಿ ಮಾರ್ಗದ ನೆಲದೊಳಗಿನ ರೈಲನ್ನು ಹತ್ತಿದರೆ ಎಲ್ಲಿಯೂ ಬದಲಿಸದೆ ಕವೆಂಟ್ ಗಾರ್ಡನ್ ನಿಲ್ದಾಣದಲ್ಲಿ ಇಳಿಯಬಹುದು. ಆ ನಿಲ್ದಾಣ ಎಷ್ಟು ಆಳದಲ್ಲಿದೆಯೆಂದರೆ ಮೇಲೆ ಬರುವ ಸುರುಳಿ ಮೆಟ್ಟಿಲುಗಳು 193! ಮೊಮ್ಮಗಳು ಹತ್ತಿಯೇ ಬರೋಣವೆಂದು ಹಟ ಹಿಡಿದಳು. ಅವಳ ಅಜ್ಜಿಯ ಮೊಣಕಾಲು ಒಪ್ಪದ ಕಾರಣ ಎಲ್ಲರೂ ಲಿಫ್ಟಿನಲ್ಲಿಯೇ ಮೇಲೆ ಬಂದೆವು. ಅಲ್ಲಿಂದ ಐದು ನಿಮಿಷದ ನಡಿಗೆಯಲ್ಲಿ ಸೆವೆನ್ ಡಯಲ್ಸ್ ಎಂಬ ಸ್ಥಳ ಸಿಗುತ್ತದೆ. ಏಳು ಬೀದಿಗಳು ಏಳು ದಿಕ್ಕಿನಿಂದ ಬಂದು ಒಂದೆಡೆ ಕೂಡುತ್ತವೆ. ನಡುವೆ ಒಂದು ಕಂಬ, ಕಂಬದ ತಲೆಯ ಮೇಲೆ ನೆರಳಿನಿಂದ ಹೊತ್ತು ತೋರುವ ಗಡಿಯಾರಗಳು. ಎಣಿಸಿ ನೋಡಿದರೆ ಗಡಿಯಾರಗಳು ಆರೇ. ಏಳನೆಯದು ಆ ಕಂಬವೇ; ಅದರ ನೆರಳೇ ಹೊತ್ತನ್ನು ಹೇಳುತ್ತದೆ ಎಂದು ಅಲ್ಲಿಯವರು ವಿನೋದವಾಗಿ ಹೇಳುವುದುಂಟು. 1690ರ ದಶಕದಲ್ಲಿ ನಿಲ್ಲಿಸಿದ ಮೂಲ ಕಂಬವನ್ನು 1773ರಲ್ಲಿ ಕಿತ್ತುಹಾಕಿದ್ದರಂತೆ. ಈಗಿರುವುದು 1989ರಲ್ಲಿ ಅನಾವರಣಗೊಂಡದ್ದು. ಒಂದು ಕಾಲಕ್ಕೆ ಕಡುಬಡತನಕ್ಕೂ ಕಳ್ಳಕಾಕರಿಗೂ ಹೆಸರಾಗಿದ್ದ ಈ ಬೀದಿಗಳಲ್ಲಿ ಇಂದು ಅಂಗಡಿಗಳು, ಹೋಟೆಲುಗಳು ತುಂಬಿವೆ. ಕಂಬದ ಕಟ್ಟೆಯ ಮೇಲೆ ಕುಳಿತು, ಕಟ್ಟಿಕೊಂಡು ಹೋಗಿದ್ದ ಚಪಾತಿ, ಶೇಂಗಾ ಚಟ್ನಿ ತಿಂದೆವು. ಎದುರಿಗೇ ಕೇಂಬ್ರಿಜ್ ಥಿಯೇಟರ್ ನಿಂತಿತ್ತು.

1930ರಲ್ಲಿ ತೆರೆದ, ಸಾವಿರದ ಇನ್ನೂರಕ್ಕೂ ಹೆಚ್ಚು ಜನ ಕೂಡಬಹುದಾದ ಈ ರಂಗಮಂದಿರದಲ್ಲಿ 2011ರಿಂದ ನಡೆಯುತ್ತಿರುವ ಸಂಗೀತ ನಾಟಕದ ಹೆಸರು ‘ಮಟಿಲ್ಡಾ’. ರೋಲ್ಡ್ ಡಾಲ್ ಎಂಬ ಲೇಖಕರು 1988ರಲ್ಲಿ ಬರೆದ ಮಕ್ಕಳ ಕಾದಂಬರಿ ಇದರ ಮೂಲ. ರಾಯಲ್ ಷೇಕ್ಸ್‌ಪಿಯರ್ ಕಂಪನಿಯವರು ಡೆನಿಸ್ ಕೆಲಿ ಅವರಿಂದ ನಾಟಕವನ್ನೂ ಟಿಮ್ ಮಿಂಚಿನ್ ಅವರಿಂದ ಹಾಡುಗಳನ್ನೂ ಬರೆಯಿಸಿ, ಮ್ಯಾಥ್ಯೂ ವಾರ್ಕಸ್ ಅವರ ನಿರ್ದೇಶನದಲ್ಲಿ 2010ರಲ್ಲಿ ಷೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರಾಟ್‌ಫರ್ಡ್‌ನಲ್ಲಿ ಮೊದಲು ಆಡಿಸಿದರು. ಮರುವರ್ಷ ಲಂಡನ್ನಿಗೆ ಬಂದ ನಾಟಕ, ಮಹಾಮಾರಿಯ ಕಾಲದಲ್ಲಿ 2020ರ ಮಾರ್ಚಿಯಿಂದ ನಿಂತು 2021ರಲ್ಲಿ ಮತ್ತೆ ಆರಂಭವಾದದ್ದನ್ನು ಬಿಟ್ಟರೆ, ವಾರಕ್ಕೆ ಹಲವು ಪ್ರದರ್ಶನಗಳಂತೆ ಸಾಗಿಬಂದಿದೆ. ಮಕ್ಕಳು ನಟಿಸುವ ಬಹುಕಾಲದ ನಾಟಕಗಳು ಆ ನಗರದಲ್ಲಿ ಬೇರೆಯೂ ಇವೆ. ‘ಲೆ ಮಿಸರಾಬ್ಲ್’ 1985ರಿಂದ, ‘ಲಯನ್ ಕಿಂಗ್’ 1999ರಿಂದ ನಡೆದು ಬಂದಿವೆ. ಆದರೆ ಮಗುವೊಂದು ಇಡೀ ನಾಟಕದ ಭಾರವನ್ನು ಹೆಗಲ ಮೇಲೆ ಹೊರುವುದು ಇದರ ವಿಶೇಷ.

ಕಥೆ ಸರಳ. ಮಟಿಲ್ಡಾ ಎಂಬ ಹುಡುಗಿ ಪುಸ್ತಕದ ಹುಚ್ಚಿನವಳು. ತಂದೆ ಹಳೆಯ ಕಾರುಗಳನ್ನು ಮೋಸದಿಂದ ಮಾರುವವನು. ತಾಯಿಗೆ ನೃತ್ಯಸ್ಪರ್ಧೆಗಳ ಚಟ. ಮನೆಯಲ್ಲಿ ಮಗಳ ಓದು ಯಾರಿಗೂ ಬೇಡ. ಅವಳಿಗೆ ಗ್ರಂಥಾಲಯವೇ ತವರುಮನೆ. ಶಾಲೆಗೆ ಸೇರಿದರೆ ಅಲ್ಲಿ ಮಕ್ಕಳನ್ನು ಕಂಡರಾಗದ ಮುಖ್ಯೋಪಾಧ್ಯಾಯಿನಿ. ಆ ಕ್ರೂರಿಯ ಪಾತ್ರವನ್ನು ಮೊದಲಿನಿಂದಲೂ ಗಂಡಸರೇ ಮಾಡುತ್ತ ಬಂದಿರುವುದು ನಮ್ಮ ಕಂಪನಿ ನಾಟಕಗಳನ್ನು ನೆನಪಿಗೆ ತಂದಿತು. ಒಬ್ಬ ಮೃದುಸ್ವಭಾವದ ಶಿಕ್ಷಕಿ ಮಾತ್ರ ಈ ಹುಡುಗಿಯ ಬುದ್ಧಿಯನ್ನು ಗುರುತಿಸುತ್ತಾಳೆ. ಕೊನೆಗೆ ಮಗುವಿನ ಧೈರ್ಯದಿಂದಲೇ ಶಾಲೆಗೂ ಶಿಕ್ಷಕಿಗೂ ಬಿಡುಗಡೆಯಾಗುತ್ತದೆ.

ತೆರೆ ಸರಿದಾಗ ನಮ್ಮ ಕಣ್ಣಿಗೆ ಬಿದ್ದದ್ದು ಅಕ್ಷರಗಳು. ರಂಗದ ಅಂಚಿನ ತುಂಬ, ಗೋಡೆಯ ಮೇಲೆ, ಮೇಲಿನ ಕಮಾನಿನವರೆಗೆ ಅಕ್ಷರಗಳ ಬಿಲ್ಲೆಗಳು, ಪುಸ್ತಕಗಳ ರಾಶಿ. ಶಾಲೆಯ ಮೊದಲ ದಿನದ ದೃಶ್ಯವನ್ನಂತೂ ನಾವು ಮರೆಯಲಾರೆವು. ಹೊಸದಾಗಿ ಸೇರಿದ ಚಿಕ್ಕ ಮಕ್ಕಳು ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದಾರೆ. ದೊಡ್ಡ ಹುಡುಗರು ಕಬ್ಬಿಣದ ಬಾಗಿಲ ಮೇಲಿನಿಂದ ಹಾಡಿ ಅವರನ್ನು ಹೆದರಿಸುತ್ತಿದ್ದಾರೆ. ಹಾಡು ಸಾಗಿದಂತೆ ಬಾಗಿಲಿನ ಸಂದುಗಳಿಂದ ಒಂದೊಂದಾಗಿ ಅಕ್ಷರದ ದಿಮ್ಮಿಗಳು ಹೊರಗೆ ಬರುತ್ತವೆ. ಹುಡುಗರು ಅವುಗಳ ಮೇಲೆ ಕಾಲಿಟ್ಟು ಏರುತ್ತಾರೆ. ಮೊಮ್ಮಗಳು ನಮ್ಮ ಕಿವಿಯಲ್ಲಿ, “ಅಜ್ಜಾ, ಹಾಡಿನ್ಯಾಗ ಎಬಿಸಿಡಿ ಅಡಗಿಸ್ಯಾರ, ಕೇಳು” ಎಂದು ಪಿಸುಗುಟ್ಟಿದಳು. ಹೌದು, ಆ ಹಾಡಿನ ಮಾತುಗಳೊಳಗೆ ಇಂಗ್ಲಿಷಿನ ಇಪ್ಪತ್ತಾರೂ ಅಕ್ಷರಗಳ ಉಚ್ಚಾರ ಕ್ರಮವಾಗಿ ಅಡಗಿ ಕುಳಿತಿದೆ. ಅದನ್ನು ಹಿಡಿಯುವಷ್ಟು ಇಂಗ್ಲಿಷ್ ಕಿವಿ ನಮಗಿರಲಿಲ್ಲ. ಆದರೆ ಮಕ್ಕಳು ಅಕ್ಷರಗಳನ್ನು ಮೆಟ್ಟಿಲು ಮಾಡಿಕೊಂಡು ಮೇಲೇರುವ ನೋಟ ಕಣ್ಣಿಗೆ ಅರ್ಥವಾಯಿತು. ಪಾಟಿ ಹಿಡಿದು ನಿಂತ ಮಾವನ ಚಿತ್ರ ಕಣ್ಮುಂದೆ ಸುಳಿಯಿತು. ನಾವು ಕನ್ನಡಕ ತೆಗೆದು ಒರೆಸಿಕೊಂಡೆವು.

ಇನ್ನು ಆ ಎಳೆಯ ಕಲಾವಿದರ ಮಾತು. ಅಂದು ಮಟಿಲ್ಡಾ ಆಗಿದ್ದ ಹುಡುಗಿ ನಮ್ಮ ಮೊಮ್ಮಗಳಿಗಿಂತ ಗಿಡ್ಡಳು. ಕಾಲು ತುಸು ಅಗಲಿಸಿ, ಕೈಗಳನ್ನು ಸೊಂಟದ ಮೇಲಿಟ್ಟು, ಗದ್ದ ಎತ್ತಿ ನಿಂತಳೆಂದರೆ ಎದುರಿಗಿದ್ದ ಆಜಾನುಬಾಹು ನಟನೂ ಸಣ್ಣವನಾಗಿ ಕಾಣುತ್ತಿದ್ದನು. ಅವಳು ಪ್ರೇಕ್ಷಕರನ್ನು ಮೆಚ್ಚಿಸಲು ನಗಲಿಲ್ಲ, ಮುದ್ದು ಮಾಡಿಸಿಕೊಳ್ಳಲು ಅಳಲಿಲ್ಲ. ಇಡೀ ನಾಟಕದಲ್ಲಿ ಅವಳ ಮುಖದ ಮೇಲೆ ನಗೆ ಮೂಡಿದ್ದೇ ಬಹಳ ಕಡಿಮೆ. ಮೂಡಿದಾಗ ಮಾತ್ರ ಮೋಡದ ಮರೆಯಿಂದ ಬಿಸಿಲು ಬಿದ್ದಂತಾಯಿತು. ಜಡೆ ಹಿಡಿದು ಗಿರಗಿರನೆ ತಿರುಗಿಸಿ ಎಸೆಯಲ್ಪಡುವ ಪುಟ್ಟ ಹುಡುಗಿ, ಒಬ್ಬನೇ ಒಂದು ದೊಡ್ಡ ಕೇಕನ್ನು ತಿಂದು ಮುಗಿಸಬೇಕಾದ ದುಂಡುಮುಖದ ಹುಡುಗ, ಎರಡನೆಯ ಭಾಗದಲ್ಲಿ ಒಬ್ಬಳೇ ಮುಂದೆ ಬಂದು ನೀರಿನ ಹೂಜಿಯಲ್ಲಿ ಬಿಡಲಿರುವ ಹಲ್ಲಿಯಂಥ ಜಂತುವಿನ ಗುಟ್ಟನ್ನು ಪ್ರೇಕ್ಷಕರಿಗೆ ಹೇಳಿ ನಗಿಸುವ ಗೆಳತಿ — ಪ್ರತಿಯೊಬ್ಬರೂ ತಮ್ಮ ಪಾತ್ರವೇ ನಾಟಕವೆಂಬಂತೆ ನಡೆದುಕೊಂಡರು. ಅಷ್ಟೇ ಮುಖ್ಯವಾಗಿ, ತಮ್ಮ ಸರದಿ ಮುಗಿದೊಡನೆ ಪಕ್ಕಕ್ಕೆ ಸರಿದು ಇನ್ನೊಬ್ಬರನ್ನು ಕಣ್ಣರಳಿಸಿ ನೋಡಿದರು. ದೊಡ್ಡ ನಟರಲ್ಲಿಯೂ ಈ ಗುಣ ಅಪರೂಪ.

ಎರಡನೆಯ ಭಾಗದ ಆರಂಭಕ್ಕೆ ಮಕ್ಕಳು ದೊಡ್ಡವರಾದ ಮೇಲೆ ಏನೇನು ಮಾಡುವೆವೆಂದು ಕನಸು ಕಾಣುತ್ತ ಹಾಡುತ್ತಾರೆ. ಮೇಲಿನಿಂದ ಇಳಿದ ಉಯ್ಯಾಲೆಗಳ ಮೇಲೆ ಹೊಟ್ಟೆಯೂರಿ ಮಲಗಿ ಪ್ರೇಕ್ಷಕರ ತಲೆಯ ಕಡೆಗೆ ತೂಗಿಬರುತ್ತಾರೆ. ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಕ್ಕಳು ಜೋಕಾಲಿ ಜೀಕುವುದನ್ನು ಕಂಡವರಿಗೆ ಆ ಸಂಭ್ರಮವನ್ನು ವಿವರಿಸಬೇಕಾಗಿಲ್ಲ. ವಿಚಿತ್ರವೆಂದರೆ ಆ ಹಾಡಿಗೆ ಮಕ್ಕಳು ನಕ್ಕರು, ದೊಡ್ಡವರು ಕಣ್ಣೊರೆಸಿಕೊಂಡರು. ಮುಂದೊಂದು ಘಟ್ಟದಲ್ಲಿ ಮುಖ್ಯೋಪಾಧ್ಯಾಯಿನಿಯ ಆರ್ಭಟದ ನಡುವೆ ಎಲ್ಲ ಸದ್ದು ಅಡಗಿ, ಮಟಿಲ್ಡಾ ಒಬ್ಬಳೇ ತನ್ನೊಳಗಿನ ನಿಶ್ಶಬ್ದವನ್ನು ಕುರಿತು ಹಾಡುತ್ತಾಳೆ. ಸಾವಿರ ಜನ ಕೂಡಿದ್ದ ಆ ಮಂದಿರದಲ್ಲಿ ಆಗ ಒಬ್ಬರ ಕೆಮ್ಮೂ ಕೇಳಲಿಲ್ಲ. ಹತ್ತರ ಆಸುಪಾಸಿನ ಮಗುವೊಂದು ಅಷ್ಟು ಜನರನ್ನು ಧ್ಯಾನಕ್ಕೆ ಕೂಡಿಸಿದುದನ್ನು ನಾವು ಈ ಕಣ್ಣಿನಿಂದ ಕಂಡೆವು.

ನಡುವಿನ ವಿರಾಮದಲ್ಲಿ ಸಣ್ಣ ಬಟ್ಟಲುಗಳಲ್ಲಿ ಐಸ್‌ಕ್ರೀಮ್ ಮಾರಲು ಬಂದರು. ಅದು ಅಲ್ಲಿಯ ರಂಗಮಂದಿರಗಳ ಹಳೆಯ ಪದ್ಧತಿಯಂತೆ. ನಮ್ಮ ಪಕ್ಕದಲ್ಲಿ ಬೆಳ್ಳಿಕೂದಲಿನ ಇಂಗ್ಲಿಷ್ ವೃದ್ಧೆಯೊಬ್ಬರು ಮೊಮ್ಮಕ್ಕಳೊಡನೆ ಕುಳಿತಿದ್ದರು. ಈ ನಾಟಕಕ್ಕೆ ಬರುತ್ತಿರುವುದು ಇದು ಮೂರನೆಯ ಸಲವೆಂದೂ ಪ್ರತಿಸಲವೂ ಬೇರೆ ಬೇರೆ ಹುಡುಗಿಯರನ್ನು ಮಟಿಲ್ಡಾ ಪಾತ್ರದಲ್ಲಿ ಕಂಡೆನೆಂದೂ ಹೇಳಿದರು. ಮಗಳು ಅವರ ಮಾತನ್ನು ನಮಗೆ ಕನ್ನಡದಲ್ಲಿ ತಿಳಿಸುತ್ತ ಹೋದಳು. ಮೊದಲು ಕಂಡವಳು ಸಿಟ್ಟಿನ ಹುಡುಗಿ, ಅನ್ಯಾಯವನ್ನು ಕಂಡು ಉರಿದೇಳುವವಳು. ಎರಡನೆಯವಳು ಒಳಗೊಳಗೇ ನೊಂದವಳು. ಅವಳನ್ನು ಎತ್ತಿಕೊಂಡು ಮನೆಗೆ ಹೋಗಬೇಕೆನಿಸುತ್ತಿತ್ತು. ಇಂದಿನವಳು ಎಲ್ಲವನ್ನೂ ದೂರದಿಂದ ಗಮನಿಸುವ ಪುಟ್ಟ ನ್ಯಾಯಾಧೀಶೆಯಂತಿದ್ದಾಳೆ. ಯಾರು ಮೇಲೆಂದು ಕೇಳಿದರೆ, ‘ಮೂವರು ಮೊಮ್ಮಕ್ಕಳಲ್ಲಿ ಯಾರು ಮೇಲೆಂದು ನಾನು ಹೇಳಬಲ್ಲೆನೇ?’ ಎಂದು ನಕ್ಕರು. ಒಂದೇ ಮಾತು, ಒಂದೇ ಹಾಡು, ಒಂದೇ ಹೆಜ್ಜೆ. ಆದರೂ ಮಗು ಬೇರೆಯಾದರೆ ಪಾತ್ರವೇ ಬೇರೆಯಾಗುತ್ತದೆ. ಮಕ್ಕಳು ಗಿಳಿಪಾಠ ಒಪ್ಪಿಸುತ್ತಿಲ್ಲ, ನಿಜವಾಗಿಯೂ ನಟಿಸುತ್ತಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಒಂದೇ ಪಾತ್ರಕ್ಕೆ ಹಲವರೇಕೆ ಎಂದು ಓದುಗರು ಕೇಳಬಹುದು. ನಮಗೂ ಅದೇ ಕುತೂಹಲ. ಮಟಿಲ್ಡಾ ಪಾತ್ರವನ್ನು ಒಂದೇ ಕಾಲಕ್ಕೆ ಮೂರು ನಾಲ್ಕು ಹುಡುಗಿಯರು ಸರದಿಯಂತೆ ಮಾಡುತ್ತಾರೆ. ಉಳಿದ ಮಕ್ಕಳಲ್ಲಿಯೂ ತಂಡಗಳಿವೆ. ದೊಡ್ಡ ನಟರು ವಾರವಿಡೀ ರಂಗವೇರಿದರೆ ಮಗುವಿನ ಪಾಲಿಗೆ ಬರುವುದು ಕೆಲವು ಪ್ರದರ್ಶನಗಳು ಮಾತ್ರ. 2012ರಲ್ಲಿ ಈ ನಾಟಕಕ್ಕೆ ಏಳು ಆಲಿವಿಯರ್ ಪ್ರಶಸ್ತಿಗಳು ಬಂದವು. ಆಗ ಸಂಗೀತ ನಾಟಕದ ಶ್ರೇಷ್ಠ ನಟಿಯ ಪ್ರಶಸ್ತಿಯನ್ನು ಒಬ್ಬರಿಗೆ ಕೊಡದೆ, ಮಟಿಲ್ಡಾ ಪಾತ್ರ ಮಾಡುತ್ತಿದ್ದ ಕ್ಲಿಯೊ ಡೆಮೆಟ್ರಿಯು, ಕೆರಿ ಇಂಗ್ರಾಮ್, ಸೋಫಿಯಾ ಕೈಲಿ, ಎಲಿನಾರ್ ವರ್ದಿಂಗ್ಟನ್-ಕಾಕ್ಸ್ ಎಂಬ ನಾಲ್ವರು ಹುಡುಗಿಯರಿಗೂ ಕೂಡಿಸಿ ಕೊಟ್ಟರು. ಎಲಿನಾರ್ ಆಗ 10 ವರ್ಷದವಳು. ಆ ಪ್ರಶಸ್ತಿ ಪಡೆದ ಅತಿ ಕಿರಿಯಳೆನಿಸಿದಳು. ಅದಕ್ಕೂ ಮುಂಚೆ 2006ರಲ್ಲಿ ‘ಬಿಲ್ಲಿ ಎಲಿಯಟ್’ ನಾಟಕದ ಮೂವರು ಹುಡುಗರಿಗೆ ಹೀಗೆಯೇ ಶ್ರೇಷ್ಠ ನಟನ ಪ್ರಶಸ್ತಿಯನ್ನು ಹಂಚಿದ್ದರು. ನೊಗವನ್ನೂ ಹಂಚಿಕೊಂಡರು, ಹೂವಿನ ಹಾರವನ್ನೂ ಹಂಚಿಕೊಂಡರು. ಎಳೆಯ ಹೋರಿಯನ್ನು ದಿನವಿಡೀ ನೊಗಕ್ಕೆ ಕಟ್ಟಬಾರದೆಂಬುದು ನಮ್ಮ ರೈತನಿಗೆ ಗೊತ್ತು. ಆ ವಿವೇಕವನ್ನು ನಾವು ಮಕ್ಕಳ ವಿಷಯದಲ್ಲಿ ಎಷ್ಟೋ ಸಲ ಮರೆಯುತ್ತೇವೆ.

ಎಲ್ಲವೂ ಒಪ್ಪಿಗೆಯಾಯಿತೆಂದು ಹೇಳಿದರೆ ಸುಳ್ಳಾದೀತು. ಮಕ್ಕಳು ಕೂಡಿ ವೇಗವಾಗಿ ಹಾಡುವಾಗ ಮಾತುಗಳು ಒಂದರ ಮೇಲೊಂದು ಬಿದ್ದು ನಮ್ಮಂಥವರಿಗೆ ಅರ್ಧ ತಿಳಿಯದೆ ಹೋದವು. ಧ್ವನಿವರ್ಧಕದ ಅಬ್ಬರದಲ್ಲಿ ಎಳೆಯ ಕಂಠದ ಸಹಜ ಮಾಧುರ್ಯ ಕೆಲವೆಡೆ ಕರಗಿಹೋಗುತ್ತಿತ್ತು; ಹಾರ್ಮೋನಿಯಂ ಒಂದರ ಆಸರೆಯಲ್ಲಿ ಹಾಡಿದವರನ್ನು ಕೇಳಿದ ಕಿವಿ ಅದನ್ನು ಗುರುತಿಸದಿರಲಾರದು. ತಂದೆತಾಯಿಗಳನ್ನು ಇಷ್ಟು ಹಾಸ್ಯಾಸ್ಪದರನ್ನಾಗಿ ಮಾಡಬೇಕಿತ್ತೇ ಎಂದು ನಮ್ಮ ಮನೆಯವರು ಮುಖ ಸಿಂಡರಿಸಿದರು. ಆದರೆ ವಿಚಾರ ಮಾಡಿದರೆ, ಮಗುವಿನ ಗುಣವನ್ನು ಗುರುತಿಸದ ಮನೆ ಯಾವ ದೇಶದಲ್ಲಿಲ್ಲ? ಬರಗಾಲದ ಮುಂಗಡಕ್ಕೆ ಮಗನ ಕಂಠವನ್ನು ಒಪ್ಪಿಸಿದ ಮನೆ ನಮ್ಮದೇ ಅಲ್ಲವೇ?

ನಾಟಕ ಮುಗಿದು ಪಾತ್ರಧಾರಿಗಳೆಲ್ಲ ಕಾಲಿನಿಂದ ತಳ್ಳುವ ಸ್ಕೂಟರುಗಳ ಮೇಲೆ ರಂಗವನ್ನು ಸುತ್ತುತ್ತ ಬಂದು ನಮಸ್ಕರಿಸಿದಾಗ ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊರಗೆ ಬಂದ ಮೇಲೆ ಮೊಮ್ಮಗಳ ಒತ್ತಾಯಕ್ಕೆ ಕಲಾವಿದರ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತೆವು. ಮಕ್ಕಳು ಒಬ್ಬೊಬ್ಬರಾಗಿ ತಮ್ಮ ಕಾವಲುಗಾರ್ತಿಯೊಡನೆ ಹೊರಬಂದು, ಕಾದು ನಿಂತಿದ್ದ ತಾಯಿತಂದೆಯರ ಕೈ ಹಿಡಿದರು. ಸಾವಿರ ಜನರನ್ನು ಮೌನವಾಗಿಸಿದ ಆ ಹುಡುಗಿ ಈಗ ಬೆನ್ನಿಗೆ ಚೀಲ ಹಾಕಿಕೊಂಡು, ಆಕಳಿಸುತ್ತ, ಹಸಿವಾಗಿದೆಯೆಂದು ತಾಯಿಯ ತೋಳು ಜಗ್ಗುತ್ತಿದ್ದಳು. ಯಾವ ಶಾಲೆಯ ಬಾಗಿಲಲ್ಲಾದರೂ ಕಾಣಬಹುದಾದ ಮಗು. ನಮ್ಮ ಮನೆಯವರು ಗುರುತು ಪರಿಚಯವಿಲ್ಲದ ಆ ಕೂಸಿನ ಕಡೆಗೆ ದೂರದಿಂದಲೇ ಕೈ ನೀವಿ ಲಟಿಕೆ ಮುರಿದು ದೃಷ್ಟಿ ತೆಗೆದರು.

ಅಂದು ರಾತ್ರಿ ಮಗಳು ಅಲ್ಲಿಯ ಕಾಯಿದೆಯ ವಿವರಗಳನ್ನು ಓದಿ ಹೇಳಿದಳು. ಇಂಗ್ಲೆಂಡಿನಲ್ಲಿ ಶಾಲಾವಯಸ್ಸಿನ ಮಗುವನ್ನು ಇಂಥ ನಾಟಕದಲ್ಲಿ ತೊಡಗಿಸಲು ಅದು ವಾಸಿಸುವ ಪ್ರದೇಶದ ಸ್ಥಳೀಯ ಆಡಳಿತದ ಪರವಾನಗಿ ಬೇಕು. 2014ರ ನಿಯಮಗಳಂತೆ, ತಾಯಿತಂದೆ ಜೊತೆಗಿಲ್ಲದಾಗ ಆಡಳಿತದ ಒಪ್ಪಿಗೆ ಪಡೆದ ಪಾಲಕರು ಮಗುವಿನ ಬಳಿ ಇರಲೇಬೇಕು. ಒಬ್ಬ ಪಾಲಕರ ಕೈಯಲ್ಲಿ 12ಕ್ಕಿಂತ ಹೆಚ್ಚು ಮಕ್ಕಳಿರುವಂತಿಲ್ಲ. ಒಂಬತ್ತು ತುಂಬಿದ ಮಗುವೂ ದಿನಕ್ಕೆ ಒಂಬತ್ತೂವರೆ ಗಂಟೆಗಿಂತ ಹೆಚ್ಚು ಕಾಲ ಅಲ್ಲಿರುವಂತಿಲ್ಲ. ರಾತ್ರಿ 11ರೊಳಗೆ ಹೊರಡಬೇಕು. ಶಾಲೆ ತಪ್ಪಿದರೆ ಪಾಠದ ವ್ಯವಸ್ಥೆಯಾಗಬೇಕು. ನಮ್ಮ ದೇಶದಲ್ಲಿಯೂ ಈ ಎಚ್ಚರ ಬಂದಿದೆ. ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿಯನ್ನು ಅನುಸರಿಸಿ 2017ರಲ್ಲಿ ಬಂದ ನಿಯಮಗಳ ಪ್ರಕಾರ ಬಾಲಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ಅದರ ಹೆಸರಿನಲ್ಲಿಯೇ ಠೇವಣಿ ಇಡಬೇಕು. ಟಿ.ವಿ. ಸ್ಪರ್ಧೆಗಳಿಗೆ, ಧಾರಾವಾಹಿಗಳಿಗೆ ಮಕ್ಕಳನ್ನು ಕರೆದೊಯ್ಯುವ ತಾಯಿತಂದೆಯರು ಇದನ್ನು ತಿಳಿದಿರಬೇಕು. ಕಾಗದದ ಮೇಲಿನ ಕಾಯಿದೆಗೆ ಮನೆಯವರ ಕಣ್ಣೇ ಕಾವಲು.

ಮಾವನನ್ನು ಕೆಡಿಸಿದ್ದು ರಂಗವಲ್ಲ, ಹಾಡಲ್ಲ, ಬಣ್ಣವಲ್ಲ ಎಂಬುದು ನಮಗೆ ಅಂದು ತಿಳಿಯಿತು. ಅವರ ಜೊತೆಗೆ ಒಬ್ಬ ಪಾಲಕರಿರಲಿಲ್ಲ, ಭಾರ ಹಂಚಿಕೊಳ್ಳಲು ಇನ್ನೊಬ್ಬ ಹುಡುಗನಿರಲಿಲ್ಲ, ಹಗಲಿಗೆ ಪಾಟಿಯಿರಲಿಲ್ಲ, ಮನೆಗೆ ಬಂದ ಮೇಲೂ ಕಲಿಸುವವರಿರಲಿಲ್ಲ. ಕೊನೆಯ ತಪ್ಪು ಕಂಪನಿಯದಲ್ಲ, ಅಜ್ಜನದೂ ಅಲ್ಲ; ಅದು ನಮ್ಮದೇ. ಎಂಬತ್ತು ವರ್ಷಗಳ ಹಿಂದಿನ ಆ ನೋವನ್ನು ಮುಂದೆ ಮಾಡಿ ಈ ಹುಡುಗಿಯ ಬಾಯಿ ಕಟ್ಟುವುದು ಇನ್ನೊಂದು ಅನ್ಯಾಯವಾದೀತು ಎನಿಸಿತು.

ಮರುದಿನ ನಾವು ಮಗಳಿಗೂ ಅಳಿಯಂದಿರಿಗೂ ಕಳಿಸಿರೆಂದು ಹೇಳಿದೆವು. ಮೂರು ಕರಾರುಗಳನ್ನು ಹಾಕಿದೆವು: ಶಾಲೆ ತಪ್ಪಬಾರದು, ಅವಳೇ ಬೇಡವೆಂದ ದಿನ ಬಿಡಿಸಬೇಕು, ಮತ್ತು ನಾವು ಊರಿಗೆ ಹೊರಡುವುದರೊಳಗೆ ಅವಳು ಕನ್ನಡ ಅಕ್ಷರ ಕಲಿಯಬೇಕು. ಅವಳಿಗೆ ಕನ್ನಡ ಮಾತು ಬರುತ್ತಿತ್ತು, ಬರಹ ಬರುತ್ತಿರಲಿಲ್ಲ. ಅವಳು ಮೂರನೆಯ ಕರಾರಿಗೆ ಮಾತ್ರ ಮೂಗು ಮುರಿದಳು. ಆಗ ನಾವು ಮಾವನ ಕಥೆಯನ್ನು ಅವಳಿಗೆ ಹೇಳಿದೆವು. ಸುಮ್ಮನೆ ಕೇಳಿ, “ಮತ್ತ ನೀ ಯಾಕ ಕಲಸಲಿಲ್ಲಜ್ಜಾ?” ಎಂದಳು. ಮೂವತ್ತೈದು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿದ ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಅಂದೇ ಸಂಜೆ ಅವಳು ನೋಟುಬುಕ್ಕು ತಂದು ನಮ್ಮ ಪಕ್ಕದಲ್ಲಿ ಕುಳಿತಳು.

ದಿನಕ್ಕೆ ಐದಾರು ಅಕ್ಷರಗಳಂತೆ ಕಲಿಕೆ ಸಾಗಿತು. ನಾವು ಹೊರಡುವ ಹಿಂದಿನ ದಿನ ಅವಳು ಯಾರ ನೆರವೂ ಇಲ್ಲದೆ ಒಂದು ಹೆಸರು ಬರೆದು ತೋರಿಸಿದಳು. ಅದು ಅವಳ ಹೆಸರಲ್ಲ, ನಮ್ಮದೂ ಅಲ್ಲ. ಎಂದೂ ತನ್ನ ಹೆಸರನ್ನು ತಾನು ಬರೆಯಲಾರದೆ ಹೋದ ಮಾವನ ಮೂರಕ್ಷರದ ಹೆಸರು. ಆ ಹಾಳೆಯನ್ನು ಮಡಚಿ ತಂದು ಮಾವನ ಭಾವಚಿತ್ರದ ಹಿಂದೆ ಇಟ್ಟಿದ್ದೇವೆ.

2025ರಲ್ಲಿ ಮೊಮ್ಮಗಳು ಒಂದು ಆಯ್ಕೆಗೆ ಹೋಗಿದ್ದಳು. ಅವಳನ್ನು ಆರಿಸಲಿಲ್ಲ. ಅಂದು ರಾತ್ರಿ ಅತ್ತಳಂತೆ. ಬೆಳಿಗ್ಗೆ ಎದ್ದು ಹಾಡು ಗುನುಗುತ್ತ ಶಾಲೆಗೆ ಹೋದಳಂತೆ. ಈ ಸುದ್ದಿಯನ್ನು ನಮಗೆ ತಿಳಿಸಿದವಳು ಅವಳೇ, ಕನ್ನಡದಲ್ಲಿ ಬರೆದ ನಾಲ್ಕು ಸಾಲಿನ ಪತ್ರದಲ್ಲಿ. ಒತ್ತಕ್ಷರಗಳು ಎರಡು ಕಡೆ ತಪ್ಪಿದ್ದವು. ತಿದ್ದಿ, ಅಂದಿನ ಟಪಾಲಿಗೇ ಉತ್ತರ ಹಾಕಿದೆವು.